ಕರೆಂಟಿನ ವಖಾರಿ: ತುಂಬುವ ಹೊತ್ತು ಯಾವುದು?

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಿಕೆ ಬೆಳೆಗಾರರ ಮನೆಗಳಲ್ಲಿ ಬೆಳೆದ ವಿದ್ಯಾರ್ಥಿಗಳಿಗೆ ‘ದಾಸ್ತಾನು’ ಎಂಬ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊಯ್ಲು ಮುಗಿಯುತ್ತದೆ, ಅಡಿಕೆ ಅಂಗಳದಲ್ಲಿ ಒಣಗುತ್ತದೆ, ಸುಲಿದು ಚೀಲ ತುಂಬುತ್ತಾರೆ. ಆ ವಾರ ದರ ಬಿದ್ದಿದ್ದರೆ ಚೀಲ ವಖಾರಿಯಲ್ಲಿಯೇ ಉಳಿಯುತ್ತದೆ; ದರ ಏರಿದಾಗ ಟೆಂಡರಿಗೆ ಹೋಗುತ್ತದೆ. 1923ರಲ್ಲಿ ಶಿರಸಿಯಲ್ಲಿ ಆರಂಭವಾದ ತೋಟಗಾರರ ಸಹಕಾರಿ ಮಾರಾಟ ಸಂಘದಂತಹ ಸಂಸ್ಥೆಗಳು ಬೆಳೆಗಾರನಿಗೆ ಬಲ ತಂದುಕೊಟ್ಟದ್ದು ಮುಖ್ಯವಾಗಿ ಈ ಕಾರಣದಿಂದ. ಬೆಳೆದ ದಿನವೇ ಮಾರಬೇಕಾದ ಒತ್ತಡ ಇಲ್ಲವಾದರೆ ಮಾರುವವನ ಕೈ ಮೇಲಾಗುತ್ತದೆ.

ವಿದ್ಯುಚ್ಛಕ್ತಿಗೆ ಈ ಸೌಕರ್ಯ ಹುಟ್ಟಿನಿಂದಲೇ ಇಲ್ಲ. ನೀವು ಗುಂಡಿ ಒತ್ತಿದ ಕ್ಷಣದಲ್ಲಿ ಉರಿಯುವ ದೀಪಕ್ಕೆ ಬೇಕಾದ ಶಕ್ತಿ ಅದೇ ಕ್ಷಣದಲ್ಲಿ ಎಲ್ಲೋ ಒಂದು ಜನರೇಟರಿನಲ್ಲಿ ಹುಟ್ಟಬೇಕು. ಬಳಕೆ ಹೆಚ್ಚಿ ಉತ್ಪಾದನೆ ಕಡಿಮೆಯಾದರೆ ಇಡೀ ದೇಶದ ಜಾಲದ ಆವರ್ತನವು ಸೆಕೆಂಡಿಗೆ 50 ಎಂಬ ಗುರಿಯಿಂದ ಕೆಳಗಿಳಿಯುತ್ತದೆ. ಉತ್ಪಾದನೆ ಹೆಚ್ಚಾದರೆ ಮೇಲೇರುತ್ತದೆ. ಎರಡೂ ಅಪಾಯಕರ. ಆದುದರಿಂದ ಬೆಂಗಳೂರಿನಲ್ಲಿರುವ ರಾಜ್ಯ ಲೋಡ್ ಡಿಸ್ಪ್ಯಾಚ್ ಕೇಂದ್ರದ ಎಂಜಿನಿಯರುಗಳು ಹಗಲಿರುಳೂ ಈ ತಕ್ಕಡಿಯನ್ನು ಸಮವಾಗಿ ಹಿಡಿದಿರುತ್ತಾರೆ.

ಹಾಗಾದರೆ ವಿದ್ಯುತ್ತಿಗೂ ಒಂದು ವಖಾರಿ ಕಟ್ಟಲು ಬರುವುದಿಲ್ಲವೇ? ಬರುತ್ತದೆ. ನಿಮ್ಮ ಜಿಲ್ಲೆಯಲ್ಲಿ ಈಗ ಬಿಸಿಬಿಸಿ ಚರ್ಚೆಗೆ ಬಂದಿರುವ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ ಅಂತಹುದೇ ಒಂದು. ಆ ವಖಾರಿಯಿಂದ ವಾತಾವರಣಕ್ಕೆ ಸೇರುವ ಇಂಗಾಲದ ಡೈ ಆಕ್ಸೈಡ್ ಕಡಿಮೆಯಾಗುತ್ತದೆ ಎಂಬುದು ಅದರ ಪರವಾಗಿ ಹೇಳುವ ಮುಖ್ಯ ವಾದಗಳಲ್ಲಿ ಒಂದು. ಕಡಿಮೆಯಾಗಲೂಬಹುದು, ಹೆಚ್ಚಾಗಲೂಬಹುದು. ಅದು ನಿರ್ಧಾರವಾಗುವುದು ವಖಾರಿಯನ್ನು ಯಾವ ಹೊತ್ತಿನಲ್ಲಿ ತುಂಬುತ್ತೇವೆ ಎಂಬುದರ ಮೇಲೆ. ಈ ಮಾತು ಒಡೆದು ನೋಡಲು ತಕ್ಕದ್ದು.

ಎರಡು ಬಗೆಯ ಕೊಳಗಳು

ಮೊದಲು ಒಂದು ಗೊಂದಲವನ್ನು ನಿವಾರಿಸಿಕೊಳ್ಳೋಣ. ‘ನಮ್ಮಲ್ಲಿ ಅಣೆಕಟ್ಟುಗಳು ಬೇಕಾದಷ್ಟಿವೆಯಲ್ಲ, ಅವು ದಾಸ್ತಾನಲ್ಲವೇ?’ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಸಿದ್ದಾಪುರ ತಾಲ್ಲೂಕಿನ ಗಡಿಯಲ್ಲಿ ಧುಮುಕುವ ಶರಾವತಿಯ ನೀರಿನಿಂದ ಜೋಗದ ಬಳಿ 1948ರಲ್ಲಿಯೇ ವಿದ್ಯುತ್ ತೆಗೆಯಲು ತೊಡಗಿದರು. ಇಂದಿನ ಮಹಾತ್ಮಾ ಗಾಂಧಿ ಜಲವಿದ್ಯುದಾಗಾರ ಅದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಅದರ ನೀರು ತಳಕಳಲೆ ಎಂಬ ಸಣ್ಣ ಜಲಾಶಯಕ್ಕೆ ಬಂದು, ಅಲ್ಲಿಂದ ಕೊಳವೆಗಳಲ್ಲಿ ಇಳಿದು, ಈಗ 1035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರವನ್ನು ನಡೆಸುತ್ತದೆ. ಕೆಳಗೆ ಗೇರುಸೊಪ್ಪದಲ್ಲಿ ಮತ್ತೆ ತಡೆದು ಇನ್ನೊಮ್ಮೆ 240 ಮೆಗಾವಾಟ್ ಸಾಮರ್ಥ್ಯದ ಘಟಕಗಳಿಗೆ ಹಾಯಿಸುತ್ತಾರೆ. ಉತ್ತರಕ್ಕೆ ಕಾಳಿ ನದಿಯ ಮೇಲೆ ಸೂಪಾ, ನಾಗಝರಿ, ಯಲ್ಲಾಪುರ ತಾಲ್ಲೂಕಿನ ಕೊಡಸಳ್ಳಿ, ಅದರ ಕೆಳಗೆ ಕದ್ರಾ. ಒಂದೇ ಜಿಲ್ಲೆಯ ಆಚೀಚೆ ಇಷ್ಟೊಂದು ನೀರಿನ ಯಂತ್ರಗಳಿರುವುದು ಅಪರೂಪ.

ಲಿಂಗನಮಕ್ಕಿ, ಸೂಪಾಗಳೂ ದಾಸ್ತಾನೇ. ಆದರೆ ಅವು ಮಳೆಗಾಲದ ನೀರನ್ನು ಬೇಸಿಗೆಗೆ ಇಟ್ಟುಕೊಳ್ಳುವ ವಾರ್ಷಿಕ ಕಣಜಗಳು. ಅವುಗಳನ್ನು ತುಂಬುವವನು ಆಗುಂಬೆಯಿಂದ ಜೋಯಿಡಾದವರೆಗೆ ಸುರಿಯುವ ಮಳೆರಾಯ. ತುಂಬಲು ಕರೆಂಟು ಖರ್ಚಾಗುವುದಿಲ್ಲ. ಪಂಪ್ಡ್ ಸ್ಟೋರೇಜ್ ಹಾಗಲ್ಲ. ಅಲ್ಲಿ ಮೇಲೊಂದು ಕೊಳ, ಕೆಳಗೊಂದು ಕೊಳ. ಬೇಕಾದಾಗ ಮೇಲಿನ ನೀರು ಕೆಳಗಿಳಿದು ಯಂತ್ರ ತಿರುಗಿಸುತ್ತದೆ. ಬೇಡವಾದಾಗ ಅದೇ ಯಂತ್ರ ತಿರುವುಮುರುವಾಗಿ ಪಂಪಿನಂತೆ ಕೆಲಸ ಮಾಡಿ ಕೆಳಗಿನ ನೀರನ್ನು ಮೇಲಕ್ಕೆ ಎತ್ತುತ್ತದೆ. ಎತ್ತಲು ಕರೆಂಟು ಬೇಕು. ಅಂದರೆ ಇದು ವಿದ್ಯುತ್ತನ್ನು ಹುಟ್ಟಿಸುವ ಸ್ಥಾವರವಲ್ಲ, ಒಂದು ಹೊತ್ತಿನ ವಿದ್ಯುತ್ತನ್ನು ಇನ್ನೊಂದು ಹೊತ್ತಿಗೆ ಸಾಗಿಸುವ ಗಾಡಿ. ತಮಿಳುನಾಡಿನ ಕಡಂಪಾರೈಯಲ್ಲಿ 400 ಮೆಗಾವಾಟಿನದು, ಪಶ್ಚಿಮ ಬಂಗಾಳದ ಪುರುಲಿಯಾದಲ್ಲಿ 900 ಮೆಗಾವಾಟಿನದು ಈಗಾಗಲೇ ಕೆಲಸ ಮಾಡುತ್ತಿವೆ.

ಕರ್ನಾಟಕ ವಿದ್ಯುತ್ ನಿಗಮ ಶರಾವತಿಯಲ್ಲಿ ಯೋಚಿಸಿರುವುದು 2000 ಮೆಗಾವಾಟಿನದು. ಹೊಸ ಅಣೆಕಟ್ಟು ಕಟ್ಟುವುದಿಲ್ಲ. ಈಗಿರುವ ತಳಕಳಲೆಯೇ ಮೇಲಿನ ಕೊಳ, ಗೇರುಸೊಪ್ಪವೇ ಕೆಳಗಿನ ಕೊಳ. ನಡುವೆ ಸುರಂಗಗಳು, ಭೂಗರ್ಭದಲ್ಲಿ ವಿದ್ಯುದಾಗಾರ. ಎರಡು ಕೊಳಗಳ ಎತ್ತರದ ಅಂತರ 450 ಮೀಟರಿಗೂ ಹೆಚ್ಚು.

ಒಂದು ಟ್ಯಾಂಕು ನೀರಿನ ಲೆಕ್ಕ

ಭೌತಶಾಸ್ತ್ರದ ಪಾಠದಲ್ಲಿ ನೀವು ಕಲಿತ ಸೂತ್ರವೊಂದಿದೆ: ದ್ರವ್ಯರಾಶಿ, ಗುರುತ್ವ ವೇಗೋತ್ಕರ್ಷ, ಎತ್ತರ ಈ ಮೂರನ್ನು ಗುಣಿಸಿದರೆ ಸ್ಥಿತಿಶಕ್ತಿ. ನಿಮ್ಮ ಮನೆಯ ಮಾಡಿನ ಮೇಲಿರುವ ಸಾವಿರ ಲೀಟರಿನ ಕಪ್ಪು ಟ್ಯಾಂಕನ್ನು ನೆನಪಿಗೆ ತಂದುಕೊಳ್ಳಿ. ಅದರ ನೀರಿನ ತೂಕ 1000 ಕಿಲೋ. ಅದನ್ನು 450 ಮೀಟರ್ ಎತ್ತರದಲ್ಲಿಟ್ಟರೆ ಅದರಲ್ಲಿ 1000 × 9.8 × 450, ಅಂದರೆ ಸುಮಾರು 44 ಲಕ್ಷ ಜೂಲ್ ಶಕ್ತಿ ಇರುತ್ತದೆ. ಒಂದು ಯೂನಿಟ್ ಎಂದರೆ 36 ಲಕ್ಷ ಜೂಲ್. ಆದುದರಿಂದ ಒಂದು ಟ್ಯಾಂಕು ನೀರಿನಲ್ಲಿರುವುದು ಸುಮಾರು 1.2 ಯೂನಿಟ್. ಯಂತ್ರ ಅದರಲ್ಲಿ ನೂರಕ್ಕೆ ತೊಂಬತ್ತರಷ್ಟನ್ನು ಹಿಡಿದುಕೊಟ್ಟರೆ ಕೈಗೆ ಬರುವುದು 1.1 ಯೂನಿಟ್. ಇಡೀ ಟ್ಯಾಂಕನ್ನು ಘಟ್ಟದ ಮೇಲಿಂದ ಕೆಳಗಿಳಿಸಿದರೆ ಒಂದು ಇಸ್ತ್ರಿ ಪೆಟ್ಟಿಗೆ ಒಂದು ಗಂಟೆ ಕಾದೀತು! ನೀರಿನ ದಾಸ್ತಾನಿಗೆ ಅಷ್ಟೊಂದು ನೀರು ಏಕೆ ಬೇಕೆಂಬುದು ಈಗ ತಿಳಿಯಿತಲ್ಲವೇ?

ಇನ್ನು ಅದೇ ಟ್ಯಾಂಕನ್ನು ಮೇಲಕ್ಕೆ ಎತ್ತಲು? ಎತ್ತುವಾಗಲೂ ಪಂಪಿನಲ್ಲಿ, ಸುರಂಗದ ಗೋಡೆಗೆ ತಿಕ್ಕಿ, ಟ್ರಾನ್ಸ್‌ಫಾರ್ಮರಿನಲ್ಲಿ ಬಿಸಿಯಾಗಿ ಒಂದಷ್ಟು ಶಕ್ತಿ ಪೋಲಾಗುತ್ತದೆ. ಸುಮಾರು 1.4 ಯೂನಿಟ್ ಬೇಕು. ಕೊಟ್ಟದ್ದು 1.4, ಹಿಂದಕ್ಕೆ ಬಂದದ್ದು 1.1. ಅಂದರೆ ನೂರಕ್ಕೆ 78ರಷ್ಟು. ಉಳಿದ 22 ಹೋಯಿತು. ವಖಾರಿಯಲ್ಲಿಟ್ಟ ಅಡಿಕೆ ಒಣಗಿ ತೂಕ ಕಳೆದುಕೊಳ್ಳುವುದಿಲ್ಲವೇ, ಹಾಗೆಯೇ ಇದೂ; ಆದರೆ ಇಲ್ಲಿ ಒಂದೇ ದಿನದಲ್ಲಿ ಐದರಲ್ಲೊಂದು ಪಾಲಿಗಿಂತ ಹೆಚ್ಚು ಹೋಗುತ್ತದೆ. ಬೇರೆ ಬೇರೆ ಸ್ಥಾವರಗಳಲ್ಲಿ ಈ ಸಂಖ್ಯೆ 75ರಿಂದ 80ರವರೆಗೆ ಇರುತ್ತದೆ. ಲೀಥಿಯಂ ಬ್ಯಾಟರಿಗಳಲ್ಲಿ ಇನ್ನೂ ಮೇಲು, 85ರಿಂದ 90. ಮಳೆಗಾಲದಲ್ಲಿ ಮರ ಬಿದ್ದು ಲೈನು ಹೋದಾಗ ನಿಮ್ಮ ಮನೆಗೆ ಬೆಳಕು ಕೊಡುವ ಇನ್ವರ್ಟರಿಗೂ ಈ ನಷ್ಟ ತಪ್ಪಿದ್ದಲ್ಲ. ಅದು ಕರೆಂಟು ಬಿಲ್ಲಿನಲ್ಲಿ ಸದ್ದಿಲ್ಲದೆ ಸೇರಿಹೋಗುತ್ತದೆ.

2000 ಮೆಗಾವಾಟ್ ಸ್ಥಾವರ ದಿನಕ್ಕೆ ಆರು ಗಂಟೆ ವಿದ್ಯುತ್ ಕೊಡುತ್ತದೆ ಎಂದಿಟ್ಟುಕೊಳ್ಳೋಣ. ಅದು 1 ಕೋಟಿ 20 ಲಕ್ಷ ಯೂನಿಟ್. ಮೇಲಿನ ಲೆಕ್ಕದ ಪ್ರಕಾರ ಅದಕ್ಕೆ ಸುಮಾರು 1 ಕೋಟಿ 10 ಲಕ್ಷ ಟ್ಯಾಂಕು ನೀರು ಇಳಿಯಬೇಕು. ಅಣೆಕಟ್ಟಿನ ಭಾಷೆಯಲ್ಲಿ 0.4 ಟಿಎಂಸಿಗೆ ತುಸು ಕಡಿಮೆ. ಅದೇ ನೀರು ಮತ್ತೆ ಮೇಲೆ ಹೋಗಬೇಕು.

ಹದಿನೈದು ನಿಮಿಷದ ಸಂತೆ

ಈಗ ಮಾರುಕಟ್ಟೆಗೆ ಬರೋಣ. ವಿದ್ಯುತ್ತಿಗೂ ಸಂತೆ ಇದೆ. 2008ರಿಂದ ನಮ್ಮ ದೇಶದಲ್ಲಿ ವಿದ್ಯುತ್ ವಿನಿಮಯ ಕೇಂದ್ರಗಳು ನಡೆಯುತ್ತಿವೆ. ಅಲ್ಲಿ ದಿನವನ್ನು ಹದಿನೈದು ನಿಮಿಷದ 96 ತುಂಡುಗಳಾಗಿ ಕತ್ತರಿಸಲಾಗಿದೆ. ಒಂದೊಂದು ತುಂಡಿಗೂ ಒಂದೊಂದು ದರ. ಮಾರುವವರು ಇಷ್ಟಕ್ಕೆ ಕೊಡುತ್ತೇವೆ ಎನ್ನುತ್ತಾರೆ, ಕೊಳ್ಳುವವರು ಇಷ್ಟಕ್ಕೆ ಕೊಳ್ಳುತ್ತೇವೆ ಎನ್ನುತ್ತಾರೆ. ಕೊಡುವ ಗೆರೆ, ಕೊಳ್ಳುವ ಗೆರೆ ಕೂಡಿದ ಕಡೆ ದರ ನಿಲ್ಲುತ್ತದೆ. ಸೂರ್ಯ ನೆತ್ತಿಯ ಮೇಲಿರುವಾಗ ದರ ಇಳಿಯುತ್ತದೆ. ಸೂರ್ಯ ಮುಳುಗಿ, ಮನೆಮನೆಯ ದೀಪ, ಟೀವಿ, ಫ್ಯಾನು ಒಟ್ಟಿಗೆ ಎಚ್ಚರಗೊಂಡಾಗ ಏರುತ್ತದೆ. ಬೇಸಿಗೆಯ ಕೆಲವು ಸಂಜೆಗಳಲ್ಲಿ ಅದು ಯೂನಿಟ್ಟಿಗೆ 10 ರೂಪಾಯಿಯ ಮೇಲ್ಮಿತಿಯನ್ನು ಮುಟ್ಟಿದ್ದೂ ಉಂಟು.

ರಾಜ್ಯದ ಹೆಚ್ಚಿನ ವಿದ್ಯುತ್ ಈ ಸಂತೆಯ ಮೂಲಕ ಬರುವುದಿಲ್ಲ, ದೀರ್ಘಕಾಲದ ಒಪ್ಪಂದಗಳ ಮೂಲಕ ಬರುತ್ತದೆ. ಆದರೆ ಯಾವ ಸ್ಥಾವರವನ್ನು ಮೊದಲು ಕರೆಯಬೇಕು ಎಂಬ ಸರದಿಯ ಸೂತ್ರ ಎರಡೂ ಕಡೆ ಹೆಚ್ಚುಕಡಿಮೆ ಒಂದೇ: ಒಂದು ಯೂನಿಟ್ ಹೆಚ್ಚಿಗೆ ಉತ್ಪಾದಿಸಲು ತಗಲುವ ಖರ್ಚು ಯಾರದು ಕಡಿಮೆಯೋ ಅವರಿಗೆ ಮೊದಲ ಮಣೆ. ಸೂರ್ಯನಿಗೂ ಗಾಳಿಗೂ ಇಂಧನದ ಖರ್ಚಿಲ್ಲ, ಮೊದಲು ಅವು. ಕೈಗಾದ ನಾಲ್ಕು ಘಟಕಗಳು, ಒಟ್ಟು 880 ಮೆಗಾವಾಟ್, ಹಗಲಿರುಳು ಒಂದೇ ಸಮನೆ ಓಡುತ್ತವೆ. ಆಮೇಲೆ ರಾಯಚೂರು, ಬಳ್ಳಾರಿ, ಯರಮರಸ್ ಮೊದಲಾದ ಕಲ್ಲಿದ್ದಲ ಸ್ಥಾವರಗಳು. ಜಲವಿದ್ಯುತ್ತನ್ನು ಜಾಣತನದಿಂದ ಉಳಿಸಿಕೊಂಡು ಸಂಜೆಯ ಏರುಹೊತ್ತಿಗೆ ಬಿಡುತ್ತಾರೆ.

ಈ ಸಂತೆಗೆ ದಾಸ್ತಾನುಗಾರ ಬಂದರೆ ಅವನ ವ್ಯವಹಾರ ಅಡಿಕೆ ವ್ಯಾಪಾರಿಯದೇ. ಅಗ್ಗದಲ್ಲಿ ಕೊಳ್ಳು, ತುಟ್ಟಿಯಲ್ಲಿ ಮಾರು. ಅವನು ಕೊಳ್ಳುವಾಗ ಗಿರಾಕಿ, ಮಾರುವಾಗ ಉತ್ಪಾದಕ. ಅವನ ಕಣ್ಣಿಗೆ ಕಾಣುವುದು ದರ ಮಾತ್ರ. ಸಮಸ್ಯೆ ಇರುವುದು ಅಲ್ಲಿಯೇ. ಒಂದು ಯೂನಿಟ್ ಕಲ್ಲಿದ್ದಲ ವಿದ್ಯುತ್ತಿನೊಂದಿಗೆ ಸುಮಾರು ಒಂದು ಕಿಲೋ ಇಂಗಾಲದ ಡೈ ಆಕ್ಸೈಡ್ ಹೊರಬೀಳುತ್ತದೆ. ಆ ಒಂದು ಕಿಲೋ ದರಪಟ್ಟಿಯಲ್ಲಿ ಎಲ್ಲಿಯೂ ಇಲ್ಲ.

ರಾತ್ರಿಯೋ, ಮಧ್ಯಾಹ್ನವೋ

ಒಂದು ಉದಾಹರಣೆ ಹಾಕಿಕೊಳ್ಳೋಣ. ಅಂಕಿಗಳು ಲೆಕ್ಕದ ಅನುಕೂಲಕ್ಕಾಗಿ ಹಿಡಿದವು. ರಾತ್ರಿ ಎರಡು ಗಂಟೆಗೆ ಕಲ್ಲಿದ್ದಲ ವಿದ್ಯುತ್ ಯೂನಿಟ್ಟಿಗೆ 3 ರೂಪಾಯಿ. ಮಧ್ಯಾಹ್ನ ಒಂದು ಗಂಟೆಗೆ, ಕೊಳ್ಳುವವರಿಲ್ಲದೆ ಉಳಿದ ಸೌರವಿದ್ಯುತ್ 3 ರೂಪಾಯಿ 20 ಪೈಸೆ. ಸಂಜೆ ಏಳಕ್ಕೆ ದರ 6 ರೂಪಾಯಿ; ಆಗ ದಾಸ್ತಾನಿನಿಂದ ಬಂದ ಒಂದೊಂದು ಯೂನಿಟ್ಟೂ ಕಲ್ಲಿದ್ದಲ ಒಂದೊಂದು ಯೂನಿಟ್ಟನ್ನು ಉಳಿಸುತ್ತದೆ.

ಸಂಜೆ ಒಂದು ಯೂನಿಟ್ ಮಾರಬೇಕಾದರೆ ಮೊದಲು 1.28 ಯೂನಿಟ್ ಕೊಳ್ಳಬೇಕು. ಏಕೆಂದರೆ 1ನ್ನು 0.78ರಿಂದ ಭಾಗಿಸಿದರೆ 1.28. ರಾತ್ರಿ ಕೊಂಡರೆ ಖರ್ಚು 3 ರೂಪಾಯಿ 85 ಪೈಸೆ, ಲಾಭ 2 ರೂಪಾಯಿ 15 ಪೈಸೆ. ಮಧ್ಯಾಹ್ನ ಕೊಂಡರೆ ಖರ್ಚು 4 ರೂಪಾಯಿ 10 ಪೈಸೆ, ಲಾಭ 1 ರೂಪಾಯಿ 90 ಪೈಸೆ. ವ್ಯಾಪಾರಿ ರಾತ್ರಿಯನ್ನೇ ಆರಿಸಿಕೊಳ್ಳುತ್ತಾನೆ. ಅವನನ್ನು ದೂರಿ ಫಲವಿಲ್ಲ. ಪೇಟೆ ಅವನಿಗೆ ಹೇಳಿದ್ದೇ ಅದು.

ಈಗ ಹೊಗೆಯ ಲೆಕ್ಕ. ರಾತ್ರಿ ತುಂಬಲು 1.28 ಯೂನಿಟ್ ಕಲ್ಲಿದ್ದಲು ಉರಿಯಿತು, 1.28 ಕಿಲೋ ಇಂಗಾಲದ ಡೈ ಆಕ್ಸೈಡ್. ಸಂಜೆ ಉಳಿದದ್ದು 1 ಕಿಲೋ. ನಿವ್ವಳ 0.28 ಕಿಲೋ ಹೆಚ್ಚಾಯಿತು! ಮಧ್ಯಾಹ್ನ ತುಂಬಿದ್ದರೆ ಉರಿದದ್ದು ಸೊನ್ನೆ, ಸಂಜೆ ಉಳಿದದ್ದು 1 ಕಿಲೋ, ನಿವ್ವಳ 1 ಕಿಲೋ ಕಡಿಮೆ. ಶರಾವತಿಯ ಅಳತೆಗೆ, ದಿನಕ್ಕೆ 1 ಕೋಟಿ 20 ಲಕ್ಷ ಯೂನಿಟ್ಟಿಗೆ ಗುಣಿಸಿ ನೋಡಿ. ರಾತ್ರಿ ತುಂಬಿದರೆ ದಿನಕ್ಕೆ 3360 ಟನ್ ಹೆಚ್ಚಿಗೆ. ಮಧ್ಯಾಹ್ನ ತುಂಬಿದರೆ ದಿನಕ್ಕೆ 12,000 ಟನ್ ಕಡಿಮೆ. ಅದೇ ಕೊಳ, ಅದೇ ಸುರಂಗ, ಅದೇ ಯಂತ್ರ. ಬದಲಾದದ್ದು ಗಡಿಯಾರದ ಮುಳ್ಳು.

ಇನ್ನು ಇಂಗಾಲಕ್ಕೆ ಬೆಲೆ ಕಟ್ಟಿ ನೋಡೋಣ. ಕಿಲೋಗೆ 2 ರೂಪಾಯಿ ಎಂದಿಟ್ಟುಕೊಳ್ಳಿ. ಕಲ್ಲಿದ್ದಲು ಸ್ಥಾವರದವನು ಇದನ್ನು ತನ್ನ ಖರ್ಚಿಗೆ ಸೇರಿಸಿಯೇ ದರ ಕೂಗುತ್ತಾನೆ. ರಾತ್ರಿಯ ದರ 5 ರೂಪಾಯಿಯಾಯಿತು, ಸಂಜೆಯದು 8. ಮಧ್ಯಾಹ್ನದ ಸೌರವಿದ್ಯುತ್ತಿಗೆ ಹೊಗೆಯಿಲ್ಲ, ಅದು 3 ರೂಪಾಯಿ 20 ಪೈಸೆಯಲ್ಲಿಯೇ ನಿಂತಿತು. ರಾತ್ರಿ ತುಂಬಿದರೆ ಲಾಭ ಈಗ 1 ರೂಪಾಯಿ 59 ಪೈಸೆ. ಮಧ್ಯಾಹ್ನ ತುಂಬಿದರೆ 3 ರೂಪಾಯಿ 90 ಪೈಸೆ. ಅದೇ ವ್ಯಾಪಾರಿ, ಅದೇ ಲಾಭದ ಆಸೆ. ಆದರೆ ಈ ಸಲ ಅವನು ಮಧ್ಯಾಹ್ನಕ್ಕೆ ಓಡುತ್ತಾನೆ. ಇಂಗಾಲವನ್ನು ಲೆಕ್ಕಕ್ಕೆ ಹಿಡಿಯುವ ಮಾರುಕಟ್ಟೆ ಎಂದರೆ ಇದೇ. ಸಂಜೆಯ ದರ 8ಕ್ಕೆ ಏರಿದ ಹೊರೆ ಕೊನೆಗೆ ಬೀಳುವುದು ನಿಮ್ಮ ಮನೆಯ ಬಿಲ್ಲಿನ ಮೇಲೆ ಎಂಬುದನ್ನೂ ಮರೆಯಬಾರದು. ಹಾಗೆ ಸಂಗ್ರಹವಾದ ಹಣವನ್ನು ಸರಕಾರ ಬಡ ಬಳಕೆದಾರರಿಗೆ ಹಿಂದಿರುಗಿಸುತ್ತದೆಯೋ ಇಲ್ಲವೋ ಎಂಬುದು ಆಗ ದೊಡ್ಡ ಪ್ರಶ್ನೆಯಾಗುತ್ತದೆ.

ಇದು ಬರೀ ಕಾಗದದ ಲೆಕ್ಕವೇ ಎಂಬ ಸಂದೇಹ ಬೇಡ. ಅಮೆರಿಕದಲ್ಲಿ ದರದ ಅಂತರವನ್ನಷ್ಟೇ ನೋಡಿ ನಡೆಯುವ ದಾಸ್ತಾನುಗಳು ಆ ದೇಶದ ಬಹುಪಾಲು ಕಡೆ ಹೊಗೆಯನ್ನು ಹೆಚ್ಚಿಸುತ್ತವೆ ಎಂದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಕ್ಯಾಲಿಫೋರ್ನಿಯಾ ರಾಜ್ಯ ಬ್ಯಾಟರಿ ಇಟ್ಟುಕೊಳ್ಳುವವರಿಗೆ ಸಹಾಯಧನ ಕೊಟ್ಟಿತ್ತು. ಪರೀಕ್ಷಿಸಿದಾಗ ಆ ಬ್ಯಾಟರಿಗಳಿಂದ ಹೊಗೆ ಹೆಚ್ಚಾದದ್ದು ಕಂಡುಬಂತು. ಆದುದರಿಂದ 2019ರಲ್ಲಿ ಅಲ್ಲಿನ ನಿಯಂತ್ರಣ ಆಯೋಗ ನಿಯಮ ಬದಲಿಸಿ, ಜಾಲದಲ್ಲಿ ಯಾವ ಹೊತ್ತಿಗೆ ಎಷ್ಟು ಹೊಗೆ ಎಂಬ ಸೂಚನೆಯನ್ನು ಅವುಗಳಿಗೆ ಒದಗಿಸಿತು. ಯೂರೋಪಿನ ದೇಶಗಳು 2005ರಿಂದಲೇ ಇಂಗಾಲದ ಪರವಾನಗಿಗಳ ಪೇಟೆಯನ್ನು ನಡೆಸುತ್ತಿವೆ; ವಿದ್ಯುತ್ ಸ್ಥಾವರಗಳು ಬಿಡುವ ಒಂದೊಂದು ಟನ್ನಿಗೂ ಪರವಾನಗಿ ಕೊಳ್ಳಬೇಕು.

ನಮ್ಮಲ್ಲಿ?

2010ರಲ್ಲಿ ಕೇಂದ್ರ ಸರಕಾರ ಕಲ್ಲಿದ್ದಲಿನ ಮೇಲೆ ಟನ್ನಿಗೆ 50 ರೂಪಾಯಿಯ ಉಪಕರ ಹಾಕಿತು. 2016ರ ಹೊತ್ತಿಗೆ ಅದು 400 ರೂಪಾಯಿಗೆ ಏರಿತ್ತು. ಒಂದು ಯೂನಿಟ್ಟಿಗೆ ಮುಕ್ಕಾಲು ಕಿಲೋಗೆ ತುಸು ಕಡಿಮೆ ಕಲ್ಲಿದ್ದಲು ಬೇಕೆಂದು ಹಿಡಿದರೆ ಯೂನಿಟ್ಟಿಗೆ 25–30 ಪೈಸೆಯಷ್ಟಾಯಿತು. ಇಂಗಾಲದ ಬೆಲೆ ಎಂಬ ಹೆಸರಿಲ್ಲದಿದ್ದರೂ ಅದರ ಕೆಲಸವನ್ನು ಸ್ವಲ್ಪಮಟ್ಟಿಗೆ ಅದು ಮಾಡುತ್ತಿತ್ತು. ಮುಂದೆ ಅದು ಜಿಎಸ್‌ಟಿ ಪರಿಹಾರ ಉಪಕರದಲ್ಲಿ ಸೇರಿ, 2025ರ ಸೆಪ್ಟೆಂಬರಿನಲ್ಲಿ ನಿಂತುಹೋಯಿತು. ಬದಲಿಗೆ ಕಲ್ಲಿದ್ದಲಿನ ಜಿಎಸ್‌ಟಿಯನ್ನು ಶೇಕಡಾ 5ರಿಂದ 18ಕ್ಕೆ ಏರಿಸಿದರು. 2023ರಲ್ಲಿ ಇಂಗಾಲದ ಸಾಲಪತ್ರಗಳ ವ್ಯಾಪಾರ ಯೋಜನೆ ಪ್ರಕಟವಾಗಿದೆ. ಅದರಲ್ಲಿ ಮೊದಲು ಗುರಿ ನಿಗದಿಯಾದದ್ದು ಸಿಮೆಂಟ್, ಅಲ್ಯೂಮಿನಿಯಂನಂತಹ ಉದ್ಯಮಗಳಿಗೆ, ವಿದ್ಯುತ್ ಸ್ಥಾವರಗಳಿಗಲ್ಲ.

ಆದರೆ ದಾಸ್ತಾನಿಗೆ ನೇರವಾಗಿ ಸಂಬಂಧಿಸಿದ ಒಂದು ಆದೇಶ ಇದೆ. 2022ರ ಜುಲೈನಲ್ಲಿ ಕೇಂದ್ರ ವಿದ್ಯುತ್ ಸಚಿವಾಲಯವು ವಿದ್ಯುತ್ ವಿತರಕರು ತಮ್ಮ ಬಳಕೆಯ ಇಂತಿಷ್ಟು ಪಾಲನ್ನು ದಾಸ್ತಾನಿನ ಮೂಲಕ ಪೂರೈಸಬೇಕೆಂದು ಗುರಿ ಹಾಕಿತು: 2023-24ರಲ್ಲಿ ಶೇಕಡಾ 1, ವರ್ಷ ವರ್ಷ ಏರಿ 2029-30ಕ್ಕೆ ಶೇಕಡಾ 4. ಅದರಲ್ಲಿ ಒಂದು ಷರತ್ತು: ತುಂಬಿದ ವಿದ್ಯುತ್ತಿನಲ್ಲಿ ವರ್ಷದ ಲೆಕ್ಕಕ್ಕೆ ಕನಿಷ್ಠ ಶೇಕಡಾ 85 ಭಾಗ ನವೀಕರಿಸಬಹುದಾದ ಮೂಲದಿಂದ ಬಂದಿರಬೇಕು. ಬೆಲೆಯ ಮೂಲಕ ಹೇಳಬಹುದಾದದ್ದನ್ನು ಷರತ್ತಿನ ಮೂಲಕ ಹೇಳಿದಂತಾಯಿತು. ಈ ಷರತ್ತು ಒಳ್ಳೆಯದೇ, ಆದರೆ ಸಾಲದು ಎಂದು ನನ್ನ ಅಭಿಪ್ರಾಯ. ಕಾರಣವನ್ನು ಕೇಳಿ.

ಮಧ್ಯಾಹ್ನವೆಂದರೆ ಸೌರವಿದ್ಯುತ್ ಎಂದು ನಾವು ಸುಲಭವಾಗಿ ಹೇಳಿಬಿಟ್ಟೆವು. ಪಾವಗಡದ 2050 ಮೆಗಾವಾಟಿನ ಸೌರ ಪಾರ್ಕು ಮಧ್ಯಾಹ್ನ ಪೂರ್ತಿ ಕೊಡುತ್ತಿದೆ, ಅದೆಲ್ಲವೂ ಈಗಾಗಲೇ ಬಳಕೆಯಾಗುತ್ತಿದೆ ಎಂದುಕೊಳ್ಳಿ. ಆ ಹೊತ್ತಿಗೆ ಗೇರುಸೊಪ್ಪದ ಪಂಪು ಶುರುವಾದರೆ ಹೆಚ್ಚಿನ ಕರೆಂಟು ಎಲ್ಲಿಂದ ಬರಬೇಕು? ಸೂರ್ಯನಿಗೆ ಇನ್ನಷ್ಟು ಉರಿ ಎನ್ನಲಾಗುವುದಿಲ್ಲ. ಬಳ್ಳಾರಿಯಲ್ಲಿಯೋ ರಾಯಚೂರಿನಲ್ಲಿಯೋ ಕಲ್ಲಿದ್ದಲನ್ನು ಹೆಚ್ಚಿಗೆ ಸುರಿಯಬೇಕಾಗುತ್ತದೆ. ಒಪ್ಪಂದಪತ್ರದಲ್ಲಿ ‘ಸೌರವಿದ್ಯುತ್’ ಎಂದು ಬರೆದಿದ್ದರೂ ಹೊಗೆ ಮಾತ್ರ ಕಲ್ಲಿದ್ದಲಿನದೇ. ಕೈಗಾದ ವಿಷಯದಲ್ಲಿಯೂ ಹೀಗೆಯೇ. ‘ರಾತ್ರಿ ಕೈಗಾದ ವಿದ್ಯುತ್ತಿನಿಂದ ತುಂಬಬಹುದಲ್ಲ, ಅದಕ್ಕೆ ಹೊಗೆಯಿಲ್ಲ’ ಎಂದು ಕೆಲವರು ವಾದಿಸುವುದುಂಟು. ಕೈಗಾದ ವಿದ್ಯುತ್ ರಾತ್ರಿಯೂ ಯಾರಿಗೋ ಹೋಗುತ್ತಲೇ ಇರುತ್ತದೆ. ಅದನ್ನು ಪಂಪಿಗೆ ತಿರುಗಿಸಿದರೆ ಆ ಯಾರಿಗೋ ಕಲ್ಲಿದ್ದಲಿನಿಂದ ಕೊಡಬೇಕು.

ಆದುದರಿಂದ ಕೇಳಬೇಕಾದ ಪ್ರಶ್ನೆ ‘ಈ ಹೊತ್ತಿನ ವಿದ್ಯುತ್ತಿನಲ್ಲಿ ಸೂರ್ಯನ ಪಾಲೆಷ್ಟು?’ ಎಂಬುದಲ್ಲ, ‘ಈ ಹೊತ್ತಿನಲ್ಲಿ ಒಂದು ಯೂನಿಟ್ ಹೆಚ್ಚು ಕೇಳಿದರೆ ಯಾರು ಕೊಡುತ್ತಾರೆ?’ ಎಂಬುದು. ನಮ್ಮ ದೇಶದ ಜಾಲದ ಸರಾಸರಿ ತೆಗೆದರೆ ಯೂನಿಟ್ಟಿಗೆ ಸುಮಾರು 0.7 ಕಿಲೋ ಇಂಗಾಲದ ಡೈ ಆಕ್ಸೈಡ್. ತುಂಬುವ ವಿದ್ಯುತ್ತಿಗೆ ಆ ಸರಾಸರಿಯನ್ನೂ ಸಂಜೆ ಉಳಿಯುವುದಕ್ಕೆ ಕಲ್ಲಿದ್ದಲನ್ನೂ ಹಿಡಿದು ಲೆಕ್ಕ ಹಾಕಿದರೆ ದಾಸ್ತಾನು ಯಾವ ಹೊತ್ತಿನಲ್ಲಿ ತುಂಬಿದರೂ ಅಷ್ಟಿಷ್ಟು ಒಳ್ಳೆಯದಾಗಿ ಕಾಣುತ್ತದೆ. ಕೊನೆಯ ಯೂನಿಟ್ಟನ್ನು ಹಿಡಿದರೆ ಮಾತ್ರ ನಿಜ ಹೊರಬರುತ್ತದೆ.

ಹಾಗಾದರೆ ಮಧ್ಯಾಹ್ನದ ವಿದ್ಯುತ್ ನಿಜವಾಗಿಯೂ ಹೊಗೆಯಿಲ್ಲದ್ದಾಗುವುದು ಯಾವಾಗ? ಕಲ್ಲಿದ್ದಲ ಬಾಯ್ಲರನ್ನು ಬೇಕೆಂದಾಗ ಆರಿಸಿ ಬೇಕೆಂದಾಗ ಹೊತ್ತಿಸಲಾಗುವುದಿಲ್ಲ. ಸಾಮರ್ಥ್ಯದ ಶೇಕಡಾ 55ರವರೆಗೆ ಇಳಿಸಬಹುದೆಂದು ನಿಯಮಗಳು ಹೇಳಿದ್ದವು. ಅದನ್ನು ಇನ್ನೂ ಕೆಳಗೆ, 40ರವರೆಗೆ, ಇಳಿಸುವ ಕ್ರಮಗಳು 2023ರಿಂದ ನಡೆಯುತ್ತಿವೆ. ಕಲ್ಲಿದ್ದಲು ಈ ನೆಲಮಟ್ಟವನ್ನು ಮುಟ್ಟಿದ ಮೇಲೂ ಸೌರವಿದ್ಯುತ್ ಉಕ್ಕುತ್ತಿದ್ದರೆ ಸೌರ ಪಾರ್ಕುಗಳಿಗೇ ‘ನಿಲ್ಲಿಸಿ’ ಎಂದು ಹೇಳಬೇಕಾಗುತ್ತದೆ. ಬಂದ ಬೆಳಕನ್ನು ಚೆಲ್ಲಿದಂತೆ. ಆ ಚೆಲ್ಲುವ ವಿದ್ಯುತ್ತನ್ನು ಹಿಡಿದಿಟ್ಟರೆ ದಾಸ್ತಾನಿನ ಹೊಗೆಯ ಲೆಕ್ಕದಲ್ಲಿ ನಿಜವಾಗಿಯೂ ಸೊನ್ನೆ ಬರೆಯಬಹುದು. ಸೌರ ಸ್ಥಾವರಗಳು ಹೆಚ್ಚಿದಂತೆ ಅಂತಹ ಗಂಟೆಗಳೂ ಹೆಚ್ಚುತ್ತವೆ.

ಇಲ್ಲಿಯೇ ಇನ್ನೊಂದು ಮಾತು. ಹೊತ್ತು ಬದಲಿಸಲು ವಖಾರಿಯೊಂದೇ ದಾರಿಯಲ್ಲ. ಕೃಷಿ ಪಂಪ್‌ಸೆಟ್ಟುಗಳಿಗೆ ರಾತ್ರಿಯ ಬದಲು ಹಗಲಿನಲ್ಲಿ ಮೂರು ಫೇಸ್ ಕೊಟ್ಟರೆ, ತೋಟದ ಕೆರೆಯೋ ಟ್ಯಾಂಕೋ ಮಧ್ಯಾಹ್ನ ತುಂಬುತ್ತದೆ, ನೀರನ್ನು ಬೇಕಾದಾಗ ಬಿಟ್ಟುಕೊಳ್ಳಬಹುದು. ಇಲ್ಲಿ ಶೇಕಡಾ 22ರ ನಷ್ಟವೂ ಇಲ್ಲ, ಸುರಂಗವೂ ಬೇಡ. ರಾತ್ರಿ ಹೊತ್ತು ಟಾರ್ಚು ಹಿಡಿದು ಪಂಪ್ ಮನೆಗೆ ಹೋಗುವ ಕಷ್ಟವೂ ತಪ್ಪುತ್ತದೆ. ಇದು ಎಷ್ಟು ದೂರ ಸಾಗಬಲ್ಲದು ಎಂಬುದನ್ನು ನೋಡಿಕೊಂಡು ಉಳಿದದ್ದಕ್ಕೆ ದೊಡ್ಡ ದಾಸ್ತಾನು ಕಟ್ಟುವುದು ಲೇಸು.

ದರಪಟ್ಟಿಯಲ್ಲಿಲ್ಲದ ಕಾಡು

ಶರಾವತಿ ಯೋಜನೆಯ ಕೊಳಗಳು ಹಳೆಯವಾದರೂ ಸುರಂಗ, ರಸ್ತೆ, ಮಣ್ಣು ಸುರಿಯುವ ಜಾಗಗಳಿಗೆ 50 ಹೆಕ್ಟೇರಿಗೂ ಮಿಕ್ಕಿ ಕಾಡು ಬೇಕು. ಅದು ಇರುವುದು 2019ರಲ್ಲಿ ಘೋಷಿತವಾದ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯದೊಳಗೆ. ಇದೇ ಅಭಯಾರಣ್ಯದಲ್ಲಿ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನೂ ಬರುತ್ತದೆ. ಹೊಳೆಯ ಬದಿಯ ಜೌಗಿನಲ್ಲಿ ಬೇರುಗಳನ್ನು ಮೇಲಕ್ಕೆ ಚಾಚಿ ನಿಂತ ಕಾಡು ಜಾಯಿಕಾಯಿ ಜಾತಿಯ ಮರಗಳ ಜಾಗ ಅದು. ಸಿಂಗಳೀಕ ಮರದಿಂದ ಮರಕ್ಕೆ ಹಾರುವ ಪ್ರಾಣಿ, ನೆಲಕ್ಕಿಳಿಯುವುದು ಅಪರೂಪ. ಹಸಿರು ಚಾವಣಿಯಲ್ಲಿ ಒಂದು ಅಗಲ ರಸ್ತೆ ಬಿದ್ದರೂ ಅದರ ಲೋಕ ಎರಡಾಗಿ ಒಡೆಯುತ್ತದೆ. 2025ರಲ್ಲಿ ನಡೆದ ಸಾರ್ವಜನಿಕ ಅಹವಾಲು ಸಭೆಗಳಲ್ಲಿ ಕಣಿವೆಯ ಜನ ಯೋಜನೆಯನ್ನು ಬಲವಾಗಿ ವಿರೋಧಿಸಿದರು.

ಈ ಸೀಮೆಗೆ ಇಂತಹ ಲೆಕ್ಕ ಹೊಸದಲ್ಲ. ಬೇಡ್ತಿ ನದಿಗೆ ಅಣೆಕಟ್ಟು ಕಟ್ಟಿ 210 ಮೆಗಾವಾಟ್ ವಿದ್ಯುತ್ ತೆಗೆಯುವ ಯೋಜನೆ ಬಂದಾಗ, 1981ರಲ್ಲಿ ಶಿರಸಿಯಲ್ಲಿ ಒಂದು ವಿಚಾರ ಸಂಕಿರಣ ನಡೆಯಿತು. ತೋಟಗಾರರ ಮಾರಾಟ ಸಂಘ ಅದರಲ್ಲಿ ಮುಂದಾಗಿತ್ತು. ಬೆಳೆಗಾರರ ಸಂಘವೊಂದು ವಿಜ್ಞಾನಿಗಳನ್ನು ಕೂರಿಸಿಕೊಂಡು, ಮುಳುಗುವ ತೋಟದ್ದೂ ಕಾಡಿನದೂ ಬೆಲೆಯನ್ನು ಯೋಜನೆಯ ಖರ್ಚಿಗೆ ಸೇರಿಸಿ ನೋಡಿತು. ಆ ಯೋಜನೆ ಮೂಲೆಗೆ ಬಿತ್ತು. ಎರಡು ವರ್ಷಗಳ ಅನಂತರ, 1983ರಲ್ಲಿ, ಶಿರಸಿ ತಾಲ್ಲೂಕಿನ ಸಾಲ್ಕಣಿಯಲ್ಲಿ ಅಪ್ಪಿಕೋ ಚಳವಳಿ ಆರಂಭವಾಯಿತು. ಇಂಗಾಲಕ್ಕೆ ಬೆಲೆ ಕಟ್ಟಬೇಕೆಂದು ಇಂದು ಅರ್ಥಶಾಸ್ತ್ರಜ್ಞರು ಹೇಳುವುದರ ಒಳಗಿರುವ ವಿಚಾರವೂ ಇದೇ: ಖರ್ಚು ಯಾರದೋ ಮೇಲೆ ಬೀಳುತ್ತಿದ್ದರೆ ಅದನ್ನು ಲೆಕ್ಕದ ಪುಸ್ತಕಕ್ಕೆ ತರಬೇಕು. ಆದರೆ ಇಂಗಾಲದ ಬೆಲೆಯಲ್ಲಿ ಸಿಂಗಳೀಕ ಬರುವುದಿಲ್ಲ, ಜೌಗು ಬರುವುದಿಲ್ಲ. ಮರದಲ್ಲಿರುವ ಇಂಗಾಲವನ್ನು ಟನ್ನಿನಲ್ಲಿ ಅಳೆಯಬಹುದು; ಮರ ನಿಂತ ಜಾಗವನ್ನು ಹಾಗೆ ಅಳೆಯಲಾಗದು. ದಿನಕ್ಕೆ 12,000 ಟನ್ ಉಳಿತಾಯವೆಂಬ ಅಂಕಿ ಎದುರಿಗೆ ಬಂದಾಗ ಅದರ ಪಕ್ಕದಲ್ಲಿ ಎರಡು ಪ್ರಶ್ನೆ ಬರೆದಿಡಿ: ತುಂಬಿದ ಹೊತ್ತು ಯಾವುದು? ಟನ್ನಿನಲ್ಲಿ ಬರೆಯಲಾಗದ್ದು ಏನು?

ಮೊದಲ ಪ್ರಶ್ನೆಗೆ ಉತ್ತರವನ್ನು ನೀವೇ ಹುಡುಕಬಹುದು. ರಾಜ್ಯ ಲೋಡ್ ಡಿಸ್ಪ್ಯಾಚ್ ಕೇಂದ್ರದ ಜಾಲತಾಣದಲ್ಲಿ ಯಾವ ಸ್ಥಾವರ ಎಷ್ಟು ಮೆಗಾವಾಟ್ ಕೊಡುತ್ತಿದೆ ಎಂಬುದನ್ನು ಹಾಕುತ್ತಾರೆ. ಕಾಲೇಜಿನ ಗಣಕಯಂತ್ರದಲ್ಲಿಯೋ ಮನೆಯ ಮೊಬೈಲಿನಲ್ಲಿಯೋ ಒಂದು ವಾರ ಮಧ್ಯಾಹ್ನ ಒಂದಕ್ಕೆ, ಸಂಜೆ ಏಳಕ್ಕೆ, ಮಲಗುವ ಮುನ್ನ ಹತ್ತಕ್ಕೆ ಅದನ್ನು ನೋಡಿ ರಾಯಚೂರು, ಬಳ್ಳಾರಿ, ಯರಮರಸ್‌ಗಳ ಅಂಕಿಯನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ರಾಯಚೂರಿನ ಸಾಮರ್ಥ್ಯ 1720, ಬಳ್ಳಾರಿಯದು 1700, ಯರಮರಸ್ಸಿನದು 1600 ಮೆಗಾವಾಟ್. ಆ ಹೊತ್ತು ಓಡುತ್ತಿರುವ ಘಟಕಗಳು ತಮ್ಮ ಸಾಮರ್ಥ್ಯದ ಅರ್ಧದ ಆಸುಪಾಸಿಗೆ ಇಳಿದಿವೆಯೋ, ಇನ್ನೂ ಏರಲು ಜಾಗವಿದೆಯೋ ಗುರುತಿಸಿ. ಆಗಸ್ಟಿನ ಒಂದು ಮೋಡದ ವಾರವನ್ನೂ ಮಾರ್ಚಿನ ಒಂದು ಬಿಸಿಲಿನ ವಾರವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಭಾನುವಾರದ ಸಾಲನ್ನು ಬೇರೆಯಾಗಿ ಬರೆಯಿರಿ, ಏಕೆಂದರೆ ಅಂದು ಕಾರ್ಖಾನೆ ಕಚೇರಿಗಳ ಬಳಕೆ ಕಡಿಮೆ.